ಹಲ್ಮಿಡಿ: ಶಾಸನದ ಗದ್ದೆಯೂ ಊರಿನ ಬಾಳೂ

ಗ್ರಾಮವೆಂಬ ಶಬ್ದಕ್ಕೆ ಆದಿಯಲ್ಲಿ ಸಮೂಹವೆಂಬುದೇ ಅರ್ಥವಾಗಿದ್ದಿತು. ಇಂದ್ರಿಯಗ್ರಾಮ, ಭೂತಗ್ರಾಮ ಮುಂತಾದ ಪ್ರಯೋಗಗಳಲ್ಲಿ ಆ ಅರ್ಥವು ಈಗಲೂ ಉಳಿದಿರುವುದು. ಮನೆಗಳ ಸಾಲಾಗಲಿ, ಸುತ್ತಣ ಎಲ್ಲೆಯಾಗಲಿ ಗ್ರಾಮವಲ್ಲ. ಒಂದು ನೀರನ್ನೂ ಒಂದು ನೆಲವನ್ನೂ ನಂಬಿ ಕೂಡಿ ಬಾಳುವ ಜನದ ಗುಂಪೇ ಗ್ರಾಮ. ಕನ್ನಡನಾಡಿನಲ್ಲಿ ಇಂತಹ ಒಂದು ಸಣ್ಣ ಒಕ್ಕಲೂರಿನ ಹೆಸರು ಹದಿನೈದು ಶತಮಾನಗಳ ಹಿಂದೆಯೇ ಕಲ್ಲಿನಲ್ಲಿ ಬರೆಯಲ್ಪಟ್ಟು, ಇಂದಿಗೂ ಅದೇ ಹೆಸರಿನಿಂದ ಆ ಊರು ಬಾಳುತ್ತಿರುವುದು ವಿಶೇಷವೇ ಸರಿ. ಅದು ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿಗೆ ಸೇರಿದ ಹಲ್ಮಿಡಿ.

ಊರಿನ ಮಣ್ಣುಕೋಟೆಯೊಳಗಿನ ವೀರಭದ್ರ ದೇವಾಲಯದ ಮುಂದೆ ನಿಂತಿದ್ದ ಕಲ್ಲೊಂದನ್ನು ಮೈಸೂರು ಪ್ರಾಕ್ತನ ವಿಮರ್ಶೆಯ ಇಲಾಖೆಯ ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಸುಮಾರು ಎರಡೂವರೆ ಅಡಿ ಎತ್ತರದ ಶಿಲೆ. ತಲೆಯಲ್ಲಿ ಚಕ್ರದ ಆಕೃತಿ. ಹದಿನಾರು ಸಾಲುಗಳ ಬರಹ. ಇದರ ಕಾಲವನ್ನು ಸಾಮಾನ್ಯವಾಗಿ ಕ್ರಿ. ಶ. 450ರ ಸುಮಾರೆಂದು ಹೇಳುವರು. ಕೆಲವರು ತುಸು ಹಿಂದಕ್ಕೂ ಕೆಲವರು ಮುಂದಕ್ಕೂ ಒಯ್ಯುವರು. ಕನ್ನಡದ ಮೊದಲ ಶಾಸನವೆಂಬ ಇದರ ಕೀರ್ತಿಗೆ, 2013ರಲ್ಲಿ ತಾಳಗುಂದದಲ್ಲಿ ದೊರೆತ ಸಿಂಹಕಟಾಂಜನ ಶಾಸನವು ಈಚೆಗೆ ಪ್ರತಿಸ್ಪರ್ಧಿಯಾಗಿ ಬಂದಿರುವುದು. ಯಾವುದು ಮೊದಲೆಂಬ ವಾದವು ಲಿಪಿಜ್ಞರಿಗಿರಲಿ. ಒಂದು ಬೇಸಾಯದ ಊರಿನ ಚರಿತ್ರೆಯನ್ನು ತಿಳಿಯಬೇಕೆಂಬವರಿಗೆ ಹಲ್ಮಿಡಿಯ ಕಲ್ಲಿನ ಬೆಲೆಯು ಇದರಿಂದ ಎಳ್ಳಷ್ಟೂ ಕಡಿಮೆಯಾಗದು.

ಶಾಸನದ ಮೊದಲ ಭಾಗವು ವಿಷ್ಣುಸ್ತುತಿ, ಅದು ಸಂಸ್ಕೃತ. ಮುಂದೆ ಕದಂಬ ಕಾಕುಸ್ಥನ ಹೆಸರೂ, ನರಿದಾವಿಳೆ ನಾಡಿನ ಪ್ರಭುಗಳಾದ ಮೃಗೇಶ ನಾಗರ ಹೆಸರುಗಳೂ ಬರುವುವು. ಕೇಕಯ ಪಲ್ಲವರೊಡನೆ ನಡೆದ ಕಾಳಗದಲ್ಲಿ ಪರಾಕ್ರಮವನ್ನು ತೋರಿದ ವಿಜ ಅರಸನೆಂಬ ವೀರನಿಗೆ ಪಲ್ಮಿಡಿ, ಮೂೞಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗೞ್ಚಾಗಿ ಕೊಟ್ಟರೆಂಬುದು ಮುಖ್ಯ ವಿಷಯ. ಬಾಳ್ ಎಂದರೆ ಕತ್ತಿ, ಕೞ್ಚು ಎಂದರೆ ತೊಳೆ. ಯುದ್ಧದಿಂದ ಮರಳಿದ ವೀರನ ರಕ್ತಸಿಕ್ತವಾದ ಕತ್ತಿಯನ್ನು ವಿಧಿಪೂರ್ವಕವಾಗಿ ತೊಳೆದು, ಆ ಸಂದರ್ಭದಲ್ಲಿ ಭೂಮಿಯನ್ನು ಕೊಡುವ ಪದ್ಧತಿಯಿದು. ಕಲ್ಲಿನ ಪಕ್ಕದಲ್ಲಿ, ಮರೆತದ್ದನ್ನು ಸೇರಿಸಿದಂತೆ, ಇನ್ನೊಂದು ಮಾತುಂಟು: ಇಲ್ಲಿನ ಗೞ್ದೆಯ ಪತ್ತೊಂದಿಯನ್ನು ಭಟ್ಟರಿಗೆ ಕರವಿಲ್ಲದಂತೆ ಬಿಟ್ಟರೆಂದು.

ದೇವತಾಸ್ತುತಿಗೆ ಸಂಸ್ಕೃತ, ಪ್ರಭುಗಳ ಬಿರುದಿಗೆ ಸಂಸ್ಕೃತ. ಆದರೆ ಊರು, ಗದ್ದೆ, ತೆರಿಗೆಯ ಅಂಶ ಇವುಗಳ ಪ್ರಸ್ತಾಪ ಬಂದೊಡನೆ ಬರಹವು ಕನ್ನಡಕ್ಕೆ ತಿರುಗುವುದು. ಇದು ಅಕಸ್ಮಾತ್ತಲ್ಲ. ಎಲ್ಲೆಯ ವಿವಾದ ಬಂದಾಗ ಸಾಕ್ಷಿ ನುಡಿಯತಕ್ಕವರು ಒಕ್ಕಲಿಗರು. ಅವರ ನುಡಿಯಲ್ಲಿಲ್ಲದ ದಾನವು ನೆಲದ ಮೇಲೆ ನಿಲ್ಲಲಾರದು.

ಈ ಶಬ್ದಗಳ ಬಾಳೂ ಗಮನಾರ್ಹವಾದುದು. ಪದಾದಿಯ ಪಕಾರವು ಹತ್ತನೆಯ ಶತಮಾನದಿಂದೀಚೆಗೆ ಹಕಾರವಾಗುತ್ತ ಬಂದುದರಿಂದ ಪಲ್ಮಿಡಿಯು ಹಲ್ಮಿಡಿಯಾಯಿತು; ಪಳ್ಳಿಯು ಹಳ್ಳಿಯಾದುದೂ ಹೀಗೆಯೇ. ಮೂೞಿವಳ್ಳಿಯಲ್ಲಿ ಆ ಪಳ್ಳಿಯೇ ಸಮಾಸದ ಉತ್ತರಪದವಾಗಿ, ಪಕಾರಕ್ಕೆ ವಕಾರವು ಆದೇಶವಾಗಿ ನಿಂತಿರುವುದು. ಗೞ್ದೆಯ ೞಕಾರವು ರೇಫೆಯಾಗಿ ಗರ್ದೆಯೆಂದಾಗಿ, ಕಡೆಗೆ ಗದ್ದೆಯೆಂದಾಯಿತು. ರಾಜವಂಶಗಳು ಎಷ್ಟೋ ಬಂದು ಹೋದುವು. ಕದಂಬರ ಬಿರುದುಗಳನ್ನು ಇಂದು ಅರ್ಥ ಹೇಳಿಯೇ ತಿಳಿಸಬೇಕು. ಗದ್ದೆಯೆಂಬ ಮಾತಿಗೆ ಮಾತ್ರ ಯಾವ ಮಗುವಿಗೂ ಅರ್ಥ ಹೇಳಬೇಕಾಗಿಲ್ಲ.

ಪತ್ತೊಂದಿಯೆಂದರೆ ಹತ್ತರಲ್ಲೊಂದು ಪಾಲು. ಧಾನ್ಯದಲ್ಲಿ ಆರರಲ್ಲೊಂದು, ಎಂಟರಲ್ಲೊಂದು, ಇಲ್ಲವೆ ಹನ್ನೆರಡರಲ್ಲೊಂದು ಪಾಲನ್ನು ಅರಸನು ತೆಗೆದುಕೊಳ್ಳಬಹುದೆಂದು ಮನುಸ್ಮೃತಿಯ ಏಳನೆಯ ಅಧ್ಯಾಯವು ವಿಧಿಸುವುದು. ಕಾವ್ಯಗಳಲ್ಲಿ ಅರಸನು ಷಷ್ಠಾಂಶವೃತ್ತಿಯೆಂದೇ ಪ್ರಸಿದ್ಧ. ಹಲ್ಮಿಡಿಯ ಹತ್ತನೆಯ ಪಾಲು ಈ ಮೂರರಲ್ಲಿ ಯಾವುದೂ ಅಲ್ಲ. ಶಾಸ್ತ್ರವು ಒಂದು ಲೆಕ್ಕವನ್ನು ಹೇಳಿದರೆ ನಾಡು ತನ್ನ ರೂಢಿಯ ಲೆಕ್ಕವನ್ನೇ ಇಟ್ಟುಕೊಂಡಿತ್ತೆಂಬುದು ಇದರಿಂದ ವ್ಯಕ್ತವಾಗುವುದು. ಸ್ಮೃತಿಗ್ರಂಥಗಳಿಂದಲೇ ಹಳ್ಳಿಯ ಬಾಳನ್ನು ಊಹಿಸುವವರು ಇದನ್ನು ನೆನಪಿನಲ್ಲಿಡತಕ್ಕದ್ದು. ಕೊಟ್ಟವರ ಹೆಸರು, ಪಡೆದವನ ಹೆಸರು, ಅಳಿಸಿದವನಿಗೆ ಬರುವ ಮಹಾಪಾತಕ, ಎಲ್ಲವೂ ಕಲ್ಲಿನಲ್ಲುಂಟು. ಆ ಗದ್ದೆಯನ್ನು ಉತ್ತವರ ಹೆಸರು ಮಾತ್ರ ಇಲ್ಲ.

ಹೆಸರಿಲ್ಲದ ಆ ಒಕ್ಕಲುಗಳ ಬಾಳನ್ನು ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮೊನ್ನೆ ಮೊನ್ನೆಯವರೆಗೆ ನಡೆದುಬಂದ ರೂಢಿಗಳಿಂದ ಕೊಂಚಮಟ್ಟಿಗೆ ತಿಳಿಯಬಹುದು. ಯುಗಾದಿಯ ಹೊತ್ತಿಗೆ ಎತ್ತುಗಳಿಗೆ ಪೂಜೆ ಮಾಡಿ ಹೊನ್ನಾರನ್ನು ಹೂಡುವರು. ಅಲ್ಲಿಂದ ವರ್ಷವು ಮಳೆಗಳ ಹೆಸರಿನಲ್ಲಿ ಸಾಗುವುದು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವನಾದುದರಿಂದ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿಯೆಂದು ಮಳೆಗಳನ್ನು ಎಣಿಸುವರು. ಯಾವ ಮಳೆಯಲ್ಲಿ ಉಳುವುದು, ಯಾವುದರಲ್ಲಿ ಬಿತ್ತುವುದು ಎಂಬುದು ಅಕ್ಷರವರಿಯದ ಮುದುಕನಿಗೂ ಬಾಯಿಪಾಠ. ಪಂಚಾಂಗದ ಜೋಯಿಸನ ಗಣಿತದಂತೆ ಸೂರ್ಯನು ತಪ್ಪದೆ ನಕ್ಷತ್ರಕ್ಕೆ ಬರುವನು. ಮಳೆಯು ಬಾರದಿರುವುದೂ ಉಂಟು. ಆಗ ಕೆರೆಯೇ ಗತಿ. ಆದುದರಿಂದಲೇ ಕೆರೆಯನ್ನು ಕಟ್ಟಿಸಿದವನಿಗೂ ಕಾಪಾಡುವವನಿಗೂ ಭೂಮಿಯನ್ನು ಬಿಡುವ ಕಟ್ಟುಕೊಡಗೆ, ಬಿತ್ತುವಟ್ಟಗಳ ಪ್ರಸ್ತಾಪವು ಶಾಸನಗಳಲ್ಲಿ ಹೇರಳವಾಗಿರುವುದು.

ವರ್ಷದ ಮುಖ್ಯ ಕಾರ್ಯವೆಲ್ಲ ಕಡೆಗೆ ಬಂದು ಸೇರುವುದು ಕಣದಲ್ಲಿ. ನೆಲವನ್ನು ಕೆತ್ತಿ, ನೀರೆರೆದು ಗಟ್ಟಿಮಾಡಿ, ಸಗಣಿಯಿಂದ ಸಾರಿಸಿ, ನಡುವೆ ಮೇಟಿಯನ್ನು ನೆಡುವರು. ರಾಗಿಯ ತೆನೆಯನ್ನು ಹರಡಿ ಎತ್ತುಗಳಿಂದ ರೋಣಗಲ್ಲನ್ನು ಎಳೆಸುವರು. ತೂರಿದ ಮೇಲೆ ರಾಶಿ ಮಾಡಿ, ಸಗಣಿಯ ಬೆನಕನನ್ನಿಟ್ಟು, ಕೆರವನ್ನು ಹೊರಗೆ ಬಿಟ್ಟು ಒಳಗೆ ಬರುವರು. ಕೊಳಗದಿಂದ ಅಳೆಯುವಾಗ ಮೊದಲನೆಯದಕ್ಕೆ ಒಂದೆನ್ನುವುದಿಲ್ಲ, ಲಾಭವೆನ್ನುವರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಅಷ್ಟು ಬೀಜವನ್ನು ಬಿತ್ತುವ ನೆಲಕ್ಕೂ ಖಂಡುಗವೆಂದೇ ಹೆಸರು. ನೆಲವನ್ನು ಅಳತೆಗೋಲಿನಿಂದಲ್ಲದೆ ಬೀಜದಿಂದ ಅಳೆದ ಜನವದು. ಮನೆಗೆ ಬಂದ ರಾಗಿಯನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬರಗಾಲಕ್ಕೆ ಹಳ್ಳಿಯ ಭಂಡಾರವು ನೆಲದೊಳಗೇ ಇದ್ದಿತು.

ಆದರೆ ಅಳೆದುದೆಲ್ಲವೂ ಮನೆಗೆ ಬರುತ್ತಿರಲಿಲ್ಲ. ಕಣದಲ್ಲಿಯೇ ಆಯವನ್ನು ಕೊಡಬೇಕು. ಗೌಡ, ಶಾನುಭೋಗ, ಜೋಯಿಸ, ತಳವಾರ, ತೋಟಿ, ನೀರುಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿ ಎಂಬ ಹನ್ನೆರಡು ಆಯದವರನ್ನು ಮೈಸೂರಿನ ಚರಿತ್ರೆಯನ್ನು ಬರೆದ ವಿಲ್ಕ್ಸನು 1810ರಲ್ಲಿಯೇ ವರ್ಣಿಸಿ, ಪ್ರತಿಯೊಂದು ಹಳ್ಳಿಯೂ ಒಂದು ಸಣ್ಣ ಗಣರಾಜ್ಯದಂತೆಂದು ಬಗೆದನು. ಈ ಹೊಗಳಿಕೆಯನ್ನು ಪೂರ್ತಿಯಾಗಿ ಒಪ್ಪಲಾಗದು. ನೇಗಿಲು ಮುರಿದರೆ ಬಡಗಿಯು ವರ್ಷವೆಲ್ಲ ಕೂಲಿಯಿಲ್ಲದೆ ಸರಿಮಾಡಿ ಸುಗ್ಗಿಯಲ್ಲಿ ಪಾಲು ಪಡೆಯುವುದು ಸುಂದರವಾದ ಏರ್ಪಾಡೇ ಹೌದು. ನೀರುಗಂಟಿಯು ತೂಬನ್ನೆತ್ತಿ ಗದ್ದೆಗೆ ಸರದಿಯಂತೆ ನೀರು ಬಿಡುವುದೂ ಹಾಗೆಯೇ. ಆದರೆ ಎಲ್ಲೆಗಲ್ಲುಗಳನ್ನೆಲ್ಲ ಬಲ್ಲ ತೋಟಿಯು, ಅವನ ಸಾಕ್ಷ್ಯವಿಲ್ಲದೆ ಯಾವ ಗಡಿಯ ವ್ಯಾಜ್ಯವೂ ತೀರದಿದ್ದರೂ, ಊರ ಹೊರಗೆ ಇರಬೇಕಾಗಿದ್ದಿತು. ಅವನ ಮಗನೂ ತೋಟಿಯಾಗದೆ ಗತ್ಯಂತರವಿರಲಿಲ್ಲ. ಪಾಲು ಕೊಡುವ ಕೈಗೆ ಧರ್ಮವಾಗಿ ಕಂಡುದು ಪಡೆಯುವ ಕೈಗೆ ಕಟ್ಟಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಸರ್ಕಾರದ ಪಾಲೂ ಹಿಂದೆ ಕಣದಲ್ಲಿಯೇ ತೆಗೆಯಲ್ಪಡುತ್ತಿದ್ದಿತು. ರಾಶಿಗೆ ಮುದ್ರೆ ಬಿದ್ದ ಮೇಲೆ, ಪಾಲು ನಿಶ್ಚಯವಾಗುವವರೆಗೆ ಒಕ್ಕಲಿಗನು ತಾನು ಬೆಳೆದುದನ್ನೇ ಮುಟ್ಟುವಂತಿರಲಿಲ್ಲ. ಮಳೆ ಬಂದು ರಾಶಿ ನೆನೆದರೆ ನಷ್ಟ ಅವನದೇ. 1863ರಲ್ಲಿ ಮೈಸೂರು ಸೀಮೆಯಲ್ಲಿ ಮೋಜಣಿ ಆರಂಭವಾಗಿ, ಹೊಲಗದ್ದೆಗಳಿಗೆ ಸರ್ವೆ ನಂಬರು ಬಂದು, ಕಂದಾಯವು ನಗದಾಯಿತು. ಮುದ್ರೆಯ ಕಾಟ ತಪ್ಪಿತು. ಆದರೆ ಬೆಳೆ ಕುಗ್ಗಿದಾಗ ಪಾಲು ತಾನಾಗಿ ಕುಗ್ಗುತ್ತಿದ್ದಂತೆ ನಗದು ಕುಗ್ಗಲಾರದು. ಅದಕ್ಕೆ ಬೇರೆ ಹುಕುಮು ಬೇಕು. ಅದಾಗಿ ಹೆಚ್ಚು ಕಾಲ ಕಳೆಯುವುದರೊಳಗೆ, 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ, ಸುಮಾರು ಐವತ್ತು ಲಕ್ಷ ಜನವಿದ್ದ ಸಂಸ್ಥಾನದಲ್ಲಿ ಹತ್ತು ಲಕ್ಷದಷ್ಟು ಜನ ಅಳಿದರೆಂದು ಅಂದಾಜು. ಹಗೇವುಗಳು ಒಂದು ವರ್ಷದ ಬರವನ್ನು ತಡೆಯಬಲ್ಲವಾಗಿದ್ದುವು. ಮೇಲೆ ಮೇಲೆ ಬಂದ ಬರವನ್ನಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1961ರ ಶಾಸನದಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದುವು. ಶಾನುಭೋಗನ ಕಡತವು ಸಂಬಳದ ಗ್ರಾಮಲೆಕ್ಕಿಗನ ಕೈಗೆ ಹೋಯಿತು. ತೋಟಿ, ತಳವಾರ, ನೀರುಗಂಟಿಗಳ ಇನಾಮು ಭೂಮಿಗಳು ಅವರವರಿಗೇ ಮರುಮಂಜೂರಿಗೆ ಅರ್ಹವಾದುವು. 1974ರ ಮಾರ್ಚಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಗೇಣಿಯ ಭೂಮಿಯನ್ನು ಸರ್ಕಾರದಲ್ಲಿ ನಿಹಿತಗೊಳಿಸಿ, ಉಳುವವನು ಅರ್ಜಿ ಸಲ್ಲಿಸಿ ಅಧಿಭೋಗದ ಹಕ್ಕನ್ನು ಪಡೆಯಲು ಅವಕಾಶ ಮಾಡಿತು. ಊರನ್ನು ವೀರನಿಗೂ ಗದ್ದೆಯ ಪಾಲನ್ನು ಭಟ್ಟರಿಗೂ ಬಿಟ್ಟುದನ್ನು ಬರೆದ ಕಲ್ಲಿನಲ್ಲಿ ಕಾಣದ ಹೆಸರು ಹೀಗೆ ಪಹಣಿಯ ಕಾಲಮಿಗೆ ಬಂದಿತು.

ಮೂಲಶಿಲೆಯು ಇಂದು ಊರಿನಲ್ಲಿಲ್ಲ. ಅದನ್ನು ಮೈಸೂರಿನ ಪುರಾತತ್ತ್ವ ಇಲಾಖೆಯ ಕಚೇರಿಯಲ್ಲಿ ರಕ್ಷಿಸಿರುವರು. ಹಲ್ಮಿಡಿಯಲ್ಲಿ ಅದರ ಪ್ರತಿಕೃತಿಯನ್ನು ಒಂದು ಮಂಟಪವನ್ನು ಕಟ್ಟಿ ನಿಲ್ಲಿಸಿರುವರು. ಪಲ್ಮಿಡಿ, ಗೞ್ದೆ, ಪತ್ತೊಂದಿ ಎಂಬ ಮಾತುಗಳನ್ನು ಅಲ್ಲಿಗೆ ಹೋದವರು ಇಂದಿಗೂ ನೋಡಬಹುದು.