ಮನೆಯ ಫೈರ್‌ವಾಲ್ ಉಪಕರಣ ಮತ್ತು ಅದರ ತಂತ್ರಾಂಶದ ಉನ್ನತೀಕರಣ: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ಋಣಭಾರ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಪಿಂಚಣಿ ಮೊದಲಾದ ಹಲವು ಸೇವೆಗಳಿಗೆ ನಾಗರಿಕರು ಈಗ ಮನೆಯಿಂದಲೇ ಅರ್ಜಿ ಸಲ್ಲಿಸಬಹುದಾಗಿದೆ. ಅರ್ಜಿಯೊಡನೆ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ, ಸ್ವತ್ತಿನ ದಾಖಲೆ ಮುಂತಾದ ಮಹತ್ವದ ಮಾಹಿತಿಯೂ ರವಾನೆಯಾಗುತ್ತದೆ. ಈ ಮಾಹಿತಿಯು ಮನೆಯಿಂದ ಹೊರಹೋಗುವ ದಾರಿಯಲ್ಲಿ ಒಂದು ಚಿಕ್ಕ ಪೆಟ್ಟಿಗೆ ಇರುತ್ತದೆ. ಅದನ್ನು ರೂಟರ್, ಮೋಡೆಮ್ ಅಥವಾ ಫೈರ್‌ವಾಲ್ ಎಂದು ಕರೆಯಲಾಗುತ್ತದೆ.

ಅಂತರಜಾಲ ಸಂಪರ್ಕ ದೊರೆಯುತ್ತಿರುವವರೆಗೆ ಈ ಪೆಟ್ಟಿಗೆಯ ಕಡೆ ಯಾರೂ ಗಮನ ಹರಿಸುವುದಿಲ್ಲ. ಆದರೆ ಉಪಕರಣವು ಕೆಲಸ ಮಾಡುತ್ತಿದೆ ಎಂಬ ಮಾತ್ರಕ್ಕೆ ಅದು ರಕ್ಷಣೆ ನೀಡುತ್ತಿದೆ ಎಂದು ಭಾವಿಸಲಾಗದು. ಈ ವ್ಯತ್ಯಾಸವನ್ನು ವಿವರಿಸಿ, ಉನ್ನತೀಕರಣವನ್ನು ಯಾವಾಗ ಮತ್ತು ಹೇಗೆ ಕೈಗೊಳ್ಳಬೇಕು ಎಂಬುದನ್ನು ತಿಳಿಸುವುದು ಈ ಮಾಹಿತಿಯ ಉದ್ದೇಶವಾಗಿದೆ.

2. ಫೈರ್‌ವಾಲ್ ಎಂದರೇನು?

ಫೈರ್‌ವಾಲ್ ಎಂಬುದು ಮನೆಯ ಜಾಲಕ್ಕೂ ಹೊರಗಿನ ಅಂತರಜಾಲಕ್ಕೂ ನಡುವೆ ನಿಲ್ಲುವ ಕಾವಲು ವ್ಯವಸ್ಥೆ. ಮನೆಯೊಳಗಿನ ಗಣಕಯಂತ್ರ ಅಥವಾ ಮೊಬೈಲ್ ತಾನಾಗಿ ಕೇಳಿದ ಮಾಹಿತಿಗೆ ಬರುವ ಉತ್ತರವನ್ನು ಅದು ಒಳಗೆ ಬಿಡುತ್ತದೆ. ಯಾರೂ ಕೇಳದೆ ಹೊರಗಿನಿಂದ ಬರುವ ಸಂಪರ್ಕ ಯತ್ನವನ್ನು ತಡೆಯುತ್ತದೆ. ಬಹುತೇಕ ಮನೆಗಳಲ್ಲಿ ಈ ಕಾರ್ಯವನ್ನು ರೂಟರ್ ಉಪಕರಣವೇ ನಿರ್ವಹಿಸುತ್ತದೆ. ಕೆಲವು ಮನೆಗಳಲ್ಲಿ ಪಿಎಫ್‌ಸೆನ್ಸ್, ಓಪಿಎನ್‌ಸೆನ್ಸ್ ಮುಂತಾದ ತಂತ್ರಾಂಶವನ್ನು ಅಳವಡಿಸಿದ ಪ್ರತ್ಯೇಕ ಉಪಕರಣವಿರುತ್ತದೆ.

ಈ ಉಪಕರಣವೂ ಒಂದು ಗಣಕಯಂತ್ರವೇ ಆಗಿದೆ. ಅದರಲ್ಲಿ ಸಂಸ್ಕಾರಕ, ಸ್ಮರಣೆ ಮತ್ತು ತಂತ್ರಾಂಶ ಇರುತ್ತವೆ. ಯಾವುದೇ ತಂತ್ರಾಂಶದಲ್ಲಿ ಕಾಲಕ್ರಮೇಣ ಲೋಪಗಳು ಬೆಳಕಿಗೆ ಬರುತ್ತವೆ. ತಯಾರಕರು ಲೋಪವನ್ನು ಸರಿಪಡಿಸಿ ಪರಿಷ್ಕೃತ ಆವೃತ್ತಿಯನ್ನು ಬಿಡುಗಡೆ ಮಾಡುತ್ತಾರೆ. ಪರಿಷ್ಕೃತ ಆವೃತ್ತಿ ಹೊರಬಂದ ದಿನದಿಂದ ಹಳೆಯ ಲೋಪವು ದಾಳಿಕೋರರಿಗೂ ತಿಳಿಯುತ್ತದೆ. ಆದುದರಿಂದ ಅದನ್ನು ಅಳವಡಿಸಿಕೊಳ್ಳದ ಮನೆಗಳು ಮೊದಲಿಗಿಂತ ಹೆಚ್ಚಿನ ಅಪಾಯಕ್ಕೆ ಒಳಗಾಗುತ್ತವೆ. ಉದಾಹರಣೆಗೆ, ಮೈಕ್ರೋಟಿಕ್ ರೂಟರ್‌ಗಳಲ್ಲಿದ್ದ ಒಂದು ಲೋಪಕ್ಕೆ 2018ರ ಏಪ್ರಿಲ್ ತಿಂಗಳಲ್ಲಿಯೇ ಪರಿಹಾರ ಲಭ್ಯವಾಗಿತ್ತು. ಆದರೂ ಅದೇ ವರ್ಷದ ಆಗಸ್ಟ್‌ನಲ್ಲಿ, ಅದೇ ಲೋಪದ ಮೂಲಕ, ಬ್ರೆಜಿಲ್ ದೇಶದ ಬಹುಸಂಖ್ಯೆಯ ರೂಟರ್‌ಗಳನ್ನು ದಾಳಿಕೋರರು ವಶಪಡಿಸಿಕೊಂಡರು.

3. ನಿರ್ಲಕ್ಷ್ಯದಿಂದ ಆಗಿರುವ ಹಾನಿ

ಅ) ತಪ್ಪು ದಾರಿ ತೋರಿಸುವುದು: ಜಾಲತಾಣದ ಹೆಸರನ್ನು ಅದರ ಸಂಖ್ಯಾ ವಿಳಾಸಕ್ಕೆ ಪರಿವರ್ತಿಸುವ ವ್ಯವಸ್ಥೆಗೆ ಡಿಎನ್‌ಎಸ್ ಎಂದು ಹೆಸರು. ಈ ವ್ಯವಸ್ಥೆಯನ್ನು ಬದಲಾಯಿಸಿದರೆ ನಾಗರಿಕರು ಸರಿಯಾದ ವಿಳಾಸವನ್ನೇ ಬರೆದರೂ ನಕಲಿ ಜಾಲತಾಣವನ್ನು ತಲುಪಬಹುದು. ಡಿಎನ್‌ಎಸ್ ಚೇಂಜರ್ ಎಂಬ ದುರುದ್ದೇಶದ ತಂತ್ರಾಂಶವು ಇದೇ ವಿಧಾನದಿಂದ ನೂರಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಗಣಕಯಂತ್ರಗಳನ್ನು ಬಾಧಿಸಿತ್ತು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 2011ರ ನವೆಂಬರ್‌ನಲ್ಲಿ ಈ ಜಾಲವನ್ನು ಭೇದಿಸಿತು.

ಆ) ಸಂಪರ್ಕವೇ ಕಡಿದುಹೋಗುವುದು: 2017ರ ಜುಲೈ ತಿಂಗಳಲ್ಲಿ ಭಾರತ ಸಂಚಾರ ನಿಗಮದ ಕರ್ನಾಟಕ ವಲಯದ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳು ದಾಳಿಗೆ ಒಳಗಾದವು. ತಯಾರಕರು ಇಟ್ಟಿದ್ದ 'ಅಡ್ಮಿನ್' ಎಂಬ ಪಾಸ್‌ವರ್ಡ್ ಬದಲಾಗದೆ ಉಳಿದಿದ್ದ ಮೋಡೆಮ್‌ಗಳು ಇದಕ್ಕೆ ಗುರಿಯಾಗಿ, ಗ್ರಾಹಕರ ಅಂತರಜಾಲ ಸಂಪರ್ಕ ಸ್ಥಗಿತಗೊಂಡಿತು. ಪಾಸ್‌ವರ್ಡ್ ಬದಲಾಯಿಸಿಕೊಳ್ಳುವಂತೆ ನಿಗಮವು ಗ್ರಾಹಕರನ್ನು ಕೋರಿತು.

ಇ) ಗುಪ್ತವಾಗಿ ನೆಲೆಸುವುದು: ವಿಪಿಎನ್ ಫಿಲ್ಟರ್ ಎಂಬ ದುರುದ್ದೇಶದ ತಂತ್ರಾಂಶವು ಕನಿಷ್ಠ 54 ದೇಶಗಳ ಕನಿಷ್ಠ 5 ಲಕ್ಷ ಉಪಕರಣಗಳಲ್ಲಿ ಸೇರಿಕೊಂಡಿರುವುದು 2018ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಉಪಕರಣವನ್ನು ಒಮ್ಮೆ ಆರಿಸಿ ಹಚ್ಚಿದರೂ ಇದರ ಮೂಲ ಭಾಗ ಅಳಿಯುತ್ತಿರಲಿಲ್ಲ.

ಈ) ಮನೆಯ ವಿಳಾಸದ ದುರುಪಯೋಗ: ತಯಾರಕರ ಬೆಂಬಲ ಮುಗಿದಿರುವ ಹಳೆಯ ರೂಟರ್‌ಗಳನ್ನು ಅಪರಾಧಿಗಳು ತಮ್ಮ ಗುರುತು ಮರೆಮಾಚಲು ಬಳಸುತ್ತಿದ್ದಾರೆ ಎಂದು ಎಫ್‌ಬಿಐ 2025ರ ಮೇ ತಿಂಗಳಲ್ಲಿ ಎಚ್ಚರಿಕೆ ನೀಡಿತು. ಇಂತಹ ಸಂದರ್ಭದಲ್ಲಿ ಬೇರೊಬ್ಬರು ಎಸಗಿದ ಕೃತ್ಯವು ಸಂಪರ್ಕದ ಚಂದಾದಾರರ ವಿಳಾಸದಿಂದ ನಡೆದಂತೆ ತೋರುತ್ತದೆ.

4. ತಂತ್ರಾಂಶದ ಉನ್ನತೀಕರಣ ಸಾಕೇ, ಉಪಕರಣವನ್ನೇ ಬದಲಿಸಬೇಕೇ?

ಉಪಕರಣದ ಆಯುಷ್ಯವನ್ನು ಖರೀದಿಯ ದಿನಾಂಕದಿಂದ ಅಥವಾ ಅದರ ಹೊರನೋಟದಿಂದ ಲೆಕ್ಕ ಹಾಕುವುದು ಸರಿಯಲ್ಲ. ತಯಾರಕರು ಭದ್ರತಾ ಪರಿಷ್ಕರಣೆಯನ್ನು ನಿಲ್ಲಿಸಿದ ದಿನವೇ ಕಾವಲು ಸಾಧನವಾಗಿ ಅದರ ಮೌಲ್ಯ ಸೊನ್ನೆಗೆ ಇಳಿಯುತ್ತದೆ. ಅದರ ದೀಪಗಳು ಎಂದಿನಂತೆ ಉರಿಯುತ್ತಿದ್ದರೂ ಇದರಲ್ಲಿ ವ್ಯತ್ಯಾಸವಿಲ್ಲ. ಈ ಕೆಳಕಂಡ ಸಂದರ್ಭಗಳಲ್ಲಿ ಉಪಕರಣವನ್ನು ಬದಲಿಸುವುದು ಸೂಕ್ತ:

• ಸದರಿ ಮಾದರಿಗೆ ಬೆಂಬಲ ಮುಕ್ತಾಯವಾಗಿದೆ ಎಂದು ತಯಾರಕರು ಪ್ರಕಟಿಸಿದ್ದಲ್ಲಿ.
• ವೈಫೈ ಭದ್ರತೆಗೆ ಡಬ್ಲ್ಯುಇಪಿ ಎಂಬ ಹಳೆಯ ವಿಧಾನ ಮಾತ್ರ ಲಭ್ಯವಿದ್ದಲ್ಲಿ. ಕನಿಷ್ಠ ಡಬ್ಲ್ಯುಪಿಎ2 ಇರತಕ್ಕದ್ದು. ಡಬ್ಲ್ಯುಪಿಎ3 ಇದ್ದಲ್ಲಿ ಉತ್ತಮ.
• ಹೊಸ ತಂತ್ರಾಂಶವು ಹಳೆಯ ಯಂತ್ರಾಂಶದಲ್ಲಿ ನಡೆಯದಿದ್ದಲ್ಲಿ. ಉದಾಹರಣೆಗೆ, 2017ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಪಿಎಫ್‌ಸೆನ್ಸ್ 2.4 ಆವೃತ್ತಿಯಿಂದ 32 ಬಿಟ್ ಇಂಟೆಲ್ ಮಾದರಿಯ ಸಂಸ್ಕಾರಕಗಳಿಗೆ ಬೆಂಬಲ ನಿಂತಿತು.

ಸಂಪರ್ಕದ ವೇಗ ಕಡಿಮೆ ಎಂಬುದು ಬೇರೆಯೇ ವಿಷಯ. ಉಪಕರಣದ ಕೇಬಲ್ ಕಿಂಡಿಯ ಸಾಮರ್ಥ್ಯ 100 ಎಂಬಿಪಿಎಸ್ ಇದ್ದಲ್ಲಿ, 300 ಎಂಬಿಪಿಎಸ್ ಯೋಜನೆಗೆ ಶುಲ್ಕ ಪಾವತಿಸಿದರೂ ಆ ಕಿಂಡಿಯ ಮೂಲಕ 100 ಎಂಬಿಪಿಎಸ್ ಮೀರಿ ದೊರೆಯುವುದಿಲ್ಲ. ಬೆಂಬಲ ಚಾಲ್ತಿಯಲ್ಲಿದ್ದು ವೇಗವೂ ಸಾಕಾಗಿದ್ದಲ್ಲಿ ಹೊಸ ಉಪಕರಣಕ್ಕೆ ವೆಚ್ಚ ಮಾಡುವ ಅಗತ್ಯವಿಲ್ಲ. ತಂತ್ರಾಂಶದ ಉನ್ನತೀಕರಣವೇ ಸಾಕು.

5. ಉನ್ನತೀಕರಣಕ್ಕೆ ಮುನ್ನ

• ಅರ್ಜಿ ಸಲ್ಲಿಸಲು ಅಥವಾ ಶುಲ್ಕ ಪಾವತಿಸಲು ಕೊನೆಯ ದಿನವಾಗಿರುವಂದು ಈ ಕಾರ್ಯವನ್ನು ಕೈಗೊಳ್ಳಬಾರದು. ಸಂಪರ್ಕವು ಕೆಲವು ಗಂಟೆಗಳ ಕಾಲ ಕಡಿತಗೊಂಡರೂ ತೊಂದರೆಯಾಗದ ದಿನವನ್ನು ಆಯ್ದುಕೊಳ್ಳತಕ್ಕದ್ದು.
• ಉಪಕರಣದ ತಳಭಾಗದ ಚೀಟಿಯಲ್ಲಿರುವ ಮಾದರಿ ಸಂಖ್ಯೆ ಮತ್ತು ಯಂತ್ರಾಂಶದ ಆವೃತ್ತಿ ಸಂಖ್ಯೆ ಎರಡನ್ನೂ ಬರೆದಿಟ್ಟುಕೊಳ್ಳತಕ್ಕದ್ದು. ಒಂದೇ ಮಾದರಿಯ ಹೆಸರಿದ್ದರೂ ಯಂತ್ರಾಂಶದ ಆವೃತ್ತಿ ಬೇರೆಯಾದರೆ ತಂತ್ರಾಂಶವೂ ಬೇರೆಯಾಗಬಹುದು.
• ಸೇವಾದಾತರು ನೀಡಿರುವ ಬಳಕೆದಾರರ ಹೆಸರು, ಪಾಸ್‌ವರ್ಡ್ ಮತ್ತಿತರ ಸಂಪರ್ಕ ವಿವರಗಳನ್ನು ಕಾಗದದಲ್ಲಿ ಬರೆದಿಡತಕ್ಕದ್ದು. ಸಂಪರ್ಕ ಕಡಿದ ಮೇಲೆ ಅವನ್ನು ಅಂತರಜಾಲದಲ್ಲಿ ಹುಡುಕಲಾಗದು.
• ಈಗಿನ ಹೊಂದಾಣಿಕೆಗಳ ಪ್ರತಿಯನ್ನು ಗಣಕಯಂತ್ರದಲ್ಲಿ ಉಳಿಸಿಕೊಳ್ಳತಕ್ಕದ್ದು. ಈ ಕಡತದಲ್ಲಿ ಪಾಸ್‌ವರ್ಡ್‌ಗಳೂ ಇರಬಹುದಾದ್ದರಿಂದ ಅದನ್ನು ಇತರರಿಗೆ ಕಳುಹಿಸಬಾರದು.
• ಪರಿಷ್ಕೃತ ತಂತ್ರಾಂಶವನ್ನು ಉಪಕರಣದೊಳಗಿನ ಆಯ್ಕೆಯ ಮೂಲಕ ಅಥವಾ ತಯಾರಕರ ಅಧಿಕೃತ ಜಾಲತಾಣದಿಂದ ಮಾತ್ರ ಪಡೆಯತಕ್ಕದ್ದು. ಕಡತದೊಡನೆ ಶಾ-256 ಎಂಬ ಪರಿಶೀಲನಾ ಸಂಖ್ಯೆಯನ್ನು ನೀಡಿದ್ದಲ್ಲಿ ಅದನ್ನು ತಾಳೆ ನೋಡುವುದು ಉತ್ತಮ.

6. ಉನ್ನತೀಕರಣದ ಸಮಯದಲ್ಲಿ

ಗಣಕಯಂತ್ರವನ್ನು ವೈಫೈ ಬದಲು ಕೇಬಲ್ ಮೂಲಕ ಉಪಕರಣಕ್ಕೆ ಜೋಡಿಸಬೇಕು. ತಂತ್ರಾಂಶವನ್ನು ಬರೆಯುವ ಕ್ರಿಯೆ ನಡೆಯುತ್ತಿರುವಾಗ ವಿದ್ಯುತ್ ಕಡಿತವಾದಲ್ಲಿ ಉಪಕರಣವು ಪೂರ್ಣವಾಗಿ ನಿಷ್ಕ್ರಿಯವಾಗುವ ಸಂಭವವಿದೆ. ಆದುದರಿಂದ ಉಪಕರಣ ಮತ್ತು ಗಣಕಯಂತ್ರ ಎರಡಕ್ಕೂ ಯುಪಿಎಸ್ ಆಧಾರವಿರುವುದು ಒಳ್ಳೆಯದು. ಕ್ರಿಯೆ ನಿಧಾನವಾಗಿದೆ ಎಂದು ಭಾವಿಸಿ ನಡುವೆ ಸ್ವಿಚ್ ಆರಿಸಬಾರದು. ತಂತ್ರಾಂಶವು ಬಹಳ ಹಳೆಯದಾಗಿದ್ದಲ್ಲಿ ಕೆಲವು ತಯಾರಕರು ಹಂತ ಹಂತವಾಗಿ ಆವೃತ್ತಿಗಳನ್ನು ಅಳವಡಿಸುವಂತೆ ಸೂಚಿಸುತ್ತಾರೆ. ಬಿಡುಗಡೆ ಟಿಪ್ಪಣಿಯನ್ನು ಮೊದಲೇ ಓದುವುದು ಅವಶ್ಯ.

7. ಉನ್ನತೀಕರಣದ ನಂತರ ಪರಿಶೀಲಿಸಬೇಕಾದ ಅಂಶಗಳು

• ಹೊಸ ಆವೃತ್ತಿಯ ಸಂಖ್ಯೆ ಉಪಕರಣದ ನಿರ್ವಹಣಾ ಪುಟದಲ್ಲಿ ಕಾಣುತ್ತಿದೆಯೇ?
• ನಿರ್ವಹಣಾ ಪಾಸ್‌ವರ್ಡ್ ಬದಲಾಗಿದೆಯೇ? ವೈಫೈ ಪಾಸ್‌ವರ್ಡ್ ಮತ್ತು ನಿರ್ವಹಣಾ ಪಾಸ್‌ವರ್ಡ್ ಬೇರೆ ಬೇರೆಯಾಗಿರತಕ್ಕದ್ದು.
• ಹೊರಗಿನಿಂದ ನಿರ್ವಹಣೆ ಮಾಡುವ ಸೌಲಭ್ಯ ಮುಚ್ಚಿದೆಯೇ? ಅನಗತ್ಯವಾಗಿ ತೆರೆದ ಪೋರ್ಟ್‌ಗಳಿವೆಯೇ?
• ಡಿಎನ್‌ಎಸ್ ವಿಳಾಸವು ಸೇವಾದಾತರು ನೀಡಿದ್ದೇ ಅಥವಾ ತಾವೇ ಆಯ್ದದ್ದೇ?
• ಐಪಿವಿ6 ಸಂಪರ್ಕವಿದ್ದಲ್ಲಿ ಅದಕ್ಕೂ ಫೈರ್‌ವಾಲ್ ಚಾಲನೆಯಲ್ಲಿದೆಯೇ?
• ಸ್ವಯಂ ಪರಿಷ್ಕರಣೆಯ ಆಯ್ಕೆ ಇದ್ದಲ್ಲಿ ಅದನ್ನು ಚಾಲನೆಗೊಳಿಸಲಾಗಿದೆಯೇ?

ಉಪಕರಣದಲ್ಲಿ ದುರುದ್ದೇಶದ ತಂತ್ರಾಂಶವಿರುವ ಶಂಕೆ ಇದ್ದಲ್ಲಿ ಅದನ್ನು ಮೂಲಸ್ಥಿತಿಗೆ ತಂದು, ಹೊಸ ತಂತ್ರಾಂಶವನ್ನು ಅಳವಡಿಸಿ, ಹೊಂದಾಣಿಕೆಗಳನ್ನು ಕೈಯಿಂದಲೇ ಹೊಸದಾಗಿ ನಮೂದಿಸುವುದು ಸೂಕ್ತ. ಹಳೆಯ ಪ್ರತಿಯನ್ನು ಮರಳಿ ತುಂಬಿದರೆ ದಾಳಿಕೋರರು ಮಾಡಿದ್ದ ಬದಲಾವಣೆಯೂ ಅದರೊಡನೆ ಮರಳಬಹುದು.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಉಪಕರಣವನ್ನು ಸೇವಾದಾತರೇ ನೀಡಿದ್ದರೆ ಏನು ಮಾಡಬೇಕು?
ಉತ್ತರ: ಫೈಬರ್ ಸಂಪರ್ಕದ ಪೆಟ್ಟಿಗೆಗಳ ತಂತ್ರಾಂಶವನ್ನು ಸಾಮಾನ್ಯವಾಗಿ ಸೇವಾದಾತರೇ ದೂರದಿಂದ ಪರಿಷ್ಕರಿಸುತ್ತಾರೆ. ಬೇರೆಡೆಯಿಂದ ಪಡೆದ ತಂತ್ರಾಂಶವನ್ನು ಅದರಲ್ಲಿ ಅಳವಡಿಸಬಾರದು. ಮಾದರಿ ಸಂಖ್ಯೆಯನ್ನು ತಿಳಿಸಿ, ಬೆಂಬಲ ಚಾಲ್ತಿಯಲ್ಲಿದೆಯೇ ಎಂದು ಸೇವಾದಾತರನ್ನು ಲಿಖಿತವಾಗಿ ಕೇಳಬಹುದು. ಇಲ್ಲವೆಂದಾದಲ್ಲಿ ಬದಲಿ ಉಪಕರಣವನ್ನು ಕೋರಬಹುದು.

ಪ್ರಶ್ನೆ: ಉನ್ನತೀಕರಣಕ್ಕೆ ಶುಲ್ಕವಿದೆಯೇ?
ಉತ್ತರ: ಮನೆಬಳಕೆಯ ರೂಟರ್‌ಗಳ ಭದ್ರತಾ ಪರಿಷ್ಕರಣೆಯನ್ನು ತಯಾರಕರು ಸಾಮಾನ್ಯವಾಗಿ ಉಚಿತವಾಗಿ ನೀಡುತ್ತಾರೆ. ಯಾರಾದರೂ ದೂರವಾಣಿ ಕರೆ ಮಾಡಿ, ರೂಟರ್ ಪರಿಷ್ಕರಣೆಯ ನೆಪದಲ್ಲಿ ಹಣ, ಒಟಿಪಿ ಅಥವಾ ಗಣಕಯಂತ್ರದ ನಿಯಂತ್ರಣವನ್ನು ಕೇಳಿದಲ್ಲಿ ನೀಡಬಾರದು.

ಪ್ರಶ್ನೆ: ಉನ್ನತೀಕರಿಸಿದ ಮೇಲೆ ಎಲ್ಲ ಅಪಾಯವೂ ತಪ್ಪುತ್ತದೆಯೇ?
ಉತ್ತರ: ಇಲ್ಲ. ಫೈರ್‌ವಾಲ್ ಹೊರಗಿನಿಂದ ಬರುವವರನ್ನು ತಡೆಯುತ್ತದೆ. ಬಳಕೆದಾರರು ತಾವಾಗಿಯೇ ನಕಲಿ ಜಾಲತಾಣದಲ್ಲಿ ನಮೂದಿಸಿದ ಮಾಹಿತಿಯನ್ನು ಅದು ತಡೆಯಲಾರದು. ಅರ್ಜಿ ಸಲ್ಲಿಸುವಾಗ ವಿಳಾಸವನ್ನು ಓದಿ ನೋಡತಕ್ಕದ್ದು. ಪ್ರಮಾಣಪತ್ರ ಸರಿಯಿಲ್ಲವೆಂದು ಬ್ರೌಸರ್ ಎಚ್ಚರಿಸಿದಲ್ಲಿ ಮುಂದುವರಿಯಬಾರದು.

ಪ್ರಶ್ನೆ: ಹಳೆಯ ಉಪಕರಣವನ್ನು ಏನು ಮಾಡಬೇಕು?
ಉತ್ತರ: ಮೊದಲು ಮೂಲಸ್ಥಿತಿಗೆ ತಂದು ವೈಯಕ್ತಿಕ ವಿವರಗಳನ್ನು ಅಳಿಸಬೇಕು. ಬಳಿಕ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಆಶಯದಂತೆ ನೋಂದಾಯಿತ ಸಂಸ್ಕರಣಾಕಾರರಿಗೆ ತಲುಪಿಸಬೇಕು. ಬೆಂಬಲ ಮುಗಿದ ಉಪಕರಣವನ್ನು ಬಂಧುಮಿತ್ರರಿಗೆ ಬಳಸಲು ಕೊಡುವುದು ಅಪಾಯವನ್ನು ಅವರ ಮನೆಗೆ ವರ್ಗಾಯಿಸಿದಂತಾಗುತ್ತದೆ.

9. ನೆರವು

ದುರುದ್ದೇಶದ ತಂತ್ರಾಂಶವನ್ನು ಗಣಕಯಂತ್ರ ಹಾಗೂ ಮೊಬೈಲ್‌ಗಳಿಂದ ತೆಗೆದುಹಾಕುವ ಉಚಿತ ಸಾಧನಗಳು, 2017ರ ಫೆಬ್ರವರಿಯಲ್ಲಿ ಆರಂಭವಾದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ದೊರೆಯುತ್ತವೆ. ಹಣಕಾಸಿನ ವಂಚನೆಯಾದಲ್ಲಿ ತಡಮಾಡದೆ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ದೂರು ದಾಖಲಿಸಬಹುದು.

ಉಪಕರಣದ ಮಾದರಿ, ತಂತ್ರಾಂಶದ ಆವೃತ್ತಿ, ಕೊನೆಯ ಪರಿಷ್ಕರಣೆಯ ದಿನಾಂಕ ಮತ್ತು ಬೆಂಬಲ ಮುಗಿಯುವ ದಿನಾಂಕ ಎಂಬ ನಾಲ್ಕು ವಿವರಗಳನ್ನು ಒಂದು ಚೀಟಿಯಲ್ಲಿ ಬರೆದು ಉಪಕರಣದ ಮೇಲೆ ಅಂಟಿಸಿ, ಮೂರು ತಿಂಗಳಿಗೊಮ್ಮೆ ಪರಿಶೀಲಿಸುವಂತೆ ನಾಗರಿಕರನ್ನು ಕೋರಲಾಗಿದೆ.