ಹಲ್ಲಿನ ಭಯಕ್ಕೆ ಮಂಪರಿನ ಮದ್ದು

ಮುಂಗಾರು ಹಿಡಿದ ಮೇಲೆ ಸಕಲೇಶಪುರದ ಸೀಮೆಯಲ್ಲಿ ಹಲ್ಲುನೋವು ಬಂದವರ ಪಾಡು ಹೇಳತೀರದು. ಹೊರಗೆ ಬಿಡದೆ ಸುರಿಯುವ ಮಳೆ. ಒಳಗೆ ಒಂದೇ ಸಮನೆ ಮಿಡಿಯುವ ದವಡೆ. ತೋಟದ ಮನೆಗಳಲ್ಲಿ ಮೊದಲು ಹುಡುಕುವುದು ಲವಂಗದ ಎಣ್ಣೆಯ ಸೀಸೆಯನ್ನು. ಹತ್ತಿಯನ್ನು ಅದರಲ್ಲಿ ಅದ್ದಿ ಹುಳುಕಿನೊಳಗೆ ಇಟ್ಟರೆ ನೋವು ತಗ್ಗುವುದೂ ಉಂಟು. ಇದು ಬರಿಯ ನಂಬಿಕೆಯಲ್ಲ; ಲವಂಗದಲ್ಲಿರುವ ಯೂಜಿನಾಲ್ ಎಂಬ ವಸ್ತುವಿಗೆ ನರವನ್ನು ಮಂಕುಗೊಳಿಸುವ ಗುಣವಿದೆ. ಆದರೆ ಹುಳುಕನ್ನು ವಾಸಿಮಾಡುವ ಶಕ್ತಿ ಅದಕ್ಕಿಲ್ಲ. ಕೆಲವು ದಿನಗಳು ಕಳೆದು ನೋವು ತಾನಾಗಿಯೇ ನಿಂತಾಗ ಮನೆಮಂದಿಯೆಲ್ಲ ನೆಮ್ಮದಿಯ ಉಸಿರು ಬಿಡುತ್ತಾರೆ. ಎಷ್ಟೋ ವೇಳೆ ಆಗಿರುವುದು ಬೇರೆ: ಹಲ್ಲಿನೊಳಗಿನ ನರ ಸತ್ತು, ಕೀವು ಬೇರಿನ ತುದಿಗಿಳಿದು ಎಲುಬಿನಲ್ಲಿ ಸದ್ದಿಲ್ಲದೆ ದಾರಿ ಮಾಡಿಕೊಳ್ಳುತ್ತಿರುತ್ತದೆ.

ವೈದ್ಯರೇನು ದೂರದಲ್ಲಿಲ್ಲ. ಸಕಲೇಶಪುರದಿಂದ ಆಲೂರಿನ ಬದಿಯಾಗಿ ಹಾಸನಕ್ಕೆ ಸುಮಾರು 40 ಕಿಲೋಮೀಟರು. ಹಾಸನದಲ್ಲಿ ಹಾಸನಾಂಬೆಯ ಹೆಸರಿನ ದಂತವೈದ್ಯಕೀಯ ಕಾಲೇಜೇ ಇದೆ. ಆದರೂ ಪ್ರಯಾಣ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಮಳೆ ನಿಲ್ಲಲಿ, ಏಲಕ್ಕಿ ಬಿಡಿಸಿಯಾಗಲಿ, ಕಾಫಿ ಕಣಕ್ಕೆ ಬರಲಿ ಎಂದು ನೆಪಗಳು ಒಂದರ ಹಿಂದೊಂದು ಹುಟ್ಟುತ್ತವೆ. ಕಾಡಾನೆಗೆ ಅಂಜದೆ ತೋಟಕ್ಕೆ ಹೋಗಿ ಬರುವ ಗಟ್ಟಿಗರೂ ಆ ಕುರ್ಚಿಯ ಹೆಸರೆತ್ತಿದರೆ ಮಾತು ಬದಲಿಸುತ್ತಾರೆ. ಭಯವೆಂದು ಬಾಯಿಬಿಟ್ಟು ಹೇಳಲು ನಾಚಿಕೆ.

ಈ ನಾಚಿಕೆಯ ಬೆಲೆ ಕೆಲವೊಮ್ಮೆ ತೀರ ದುಬಾರಿ. ಕೆಳದವಡೆಯ ಹಲ್ಲಿನ ಕೀವು ನಾಲಿಗೆಯ ಬುಡಕ್ಕೂ ಕತ್ತಿಗೂ ಇಳಿದರೆ ಬಾವು ಉಸಿರಿನ ಹಾದಿಯನ್ನೇ ಒತ್ತಿ ಮುಚ್ಚಬಲ್ಲದು. ಜರ್ಮನಿಯ ಲುಡ್ವಿಗ್ ಎಂಬ ವೈದ್ಯನು 1836ರಲ್ಲಿ ಇದನ್ನು ವಿವರಿಸಿದನು. ಇಂದಿಗೂ ಈ ಕಾಯಿಲೆ ಅವನ ಹೆಸರನ್ನೇ ಹೊತ್ತಿದೆ. ನುಂಗಲಾಗದಿರುವುದು, ನಾಲಿಗೆ ಮೇಲೆದ್ದಂತಾಗುವುದು, ಉಸಿರಾಟಕ್ಕೆ ಕಷ್ಟವಾಗುವುದು ಕಂಡರೆ ಆಗ ದಂತವೈದ್ಯರ ಸರದಿಗೆ ಕಾಯತಕ್ಕದ್ದಲ್ಲ. ಅಪರಾತ್ರಿಯಾದರೂ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು.

ಸೋಜಿಗದ ಸಂಗತಿಯೆಂದರೆ, ಶಸ್ತ್ರಚಿಕಿತ್ಸೆಯ ನೋವನ್ನು ಗೆಲ್ಲುವ ದಾರಿಯನ್ನು ಲೋಕಕ್ಕೆ ತೋರಿಸಿದವರಲ್ಲಿ ದಂತವೈದ್ಯರೇ ಮುಂದಾಳುಗಳು. ಇಂಗ್ಲೆಂಡಿನ ಹಂಫ್ರಿ ಡೇವಿ ನೈಟ್ರಸ್ ಆಕ್ಸೈಡ್ ಎಂಬ ಅನಿಲವನ್ನು ತಾನೇ ಸೇವಿಸಿ ನೋಡಿ, ಅದು ಶಸ್ತ್ರಚಿಕಿತ್ಸೆಯಲ್ಲಿ ಉಪಯೋಗಕ್ಕೆ ಬರಬಹುದೆಂದು 1800ರಲ್ಲಿಯೇ ಬರೆದಿದ್ದನು. ಯಾರೂ ಕಿವಿಗೊಡಲಿಲ್ಲ. ಜನ ಅದನ್ನು ಮೂಸಿ ನಕ್ಕು ಕುಣಿಯುವ ಆಟದ ಸಾಮಾನನ್ನಾಗಿ ಮಾಡಿಕೊಂಡರು. 1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್ ಊರಿನಲ್ಲಿ ಅಂತಹುದೊಂದು ಪ್ರದರ್ಶನ ನಡೆಯಿತು. ಅನಿಲ ಸೇವಿಸಿದ ತರುಣನೊಬ್ಬನ ಕಾಲಿಗೆ ಪೆಟ್ಟಾಗಿ ರಕ್ತ ಬಂದರೂ ಅವನಿಗೆ ಅರಿವೇ ಇರಲಿಲ್ಲ. ಸಭೆಯಲ್ಲಿದ್ದ ದಂತವೈದ್ಯ ಹೊರೇಸ್ ವೆಲ್ಸ್ ಅದನ್ನು ಗಮನಿಸಿದನು. ಮರುದಿನವೇ ತಾನು ಅನಿಲ ಸೇವಿಸಿ ತನ್ನ ದವಡೆಹಲ್ಲನ್ನು ಸಹೋದ್ಯೋಗಿಯಿಂದ ಕೀಳಿಸಿಕೊಂಡನು. ನೋವಾಗಲಿಲ್ಲ!

ಆದರೆ ಮುಂದಿನ ತಿಂಗಳು ಬಾಸ್ಟನ್ ನಗರದಲ್ಲಿ ವಿದ್ಯಾರ್ಥಿಗಳ ಮುಂದೆ ಪ್ರಯೋಗ ಮಾಡಿ ತೋರಿಸುವಾಗ ಅನಿಲ ಸಾಲದೆ ಹೋಯಿತು, ರೋಗಿ ಕೂಗಿಕೊಂಡನು, ಸಭೆ ಗೇಲಿ ಮಾಡಿತು. 1846ರಲ್ಲಿ ಅದೇ ನಗರದಲ್ಲಿ ಈಥರ್ ಪ್ರಯೋಗಿಸಿ ಕೀರ್ತಿ ಪಡೆದವನು ವೆಲ್ಸ್‌ನ ಹಳೆಯ ಜೊತೆಗಾರ ಮಾರ್ಟನ್. ನೊಂದು ನಲುಗಿದ ವೆಲ್ಸ್ 1848ರಲ್ಲಿ ಸೆರೆಮನೆಯೊಂದರಲ್ಲಿ ಪ್ರಾಣ ಕಳೆದುಕೊಂಡನು. ಅವನ ದೇಶದ ದಂತವೈದ್ಯರ ಸಂಘ ಅವನಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿದ್ದು 1864ರಲ್ಲಿ.

ಅಂದು ನಗೆಗೀಡಾದ ಅದೇ ಅನಿಲ ಇಂದು ಅಂಜುಬುರುಕ ರೋಗಿಗಳ ಆಪ್ತಮಿತ್ರ. ಮೂಗಿನ ಮೇಲೊಂದು ಚಿಕ್ಕ ಮುಸುಕು. ಅದರ ಮೂಲಕ ಅನಿಲದೊಡನೆ ಆಮ್ಲಜನಕವೂ ಬರುತ್ತದೆ. ಆಮ್ಲಜನಕ ಶೇಕಡಾ 30ಕ್ಕಿಂತ ಕಡಿಮೆಯಾಗದಂತೆ ಯಂತ್ರವೇ ಕಾಯುತ್ತದೆ. ರೋಗಿ ನಿದ್ದೆ ಹೋಗುವುದಿಲ್ಲ. ಕೈಕಾಲು ಹಗುರವಾಗಿ, ಭಯ ಎಲ್ಲಿಯೋ ದೂರ ಸರಿದಂತಾಗುತ್ತದೆ. ಬಾಯಿ ತೆರೆಯಿರಿ ಎಂದರೆ ತೆರೆಯುತ್ತಾನೆ. ಕೆಲಸ ಮುಗಿದ ಮೇಲೆ ಐದು ನಿಮಿಷ ಬರಿಯ ಆಮ್ಲಜನಕ ಕೊಟ್ಟರೆ ಮಂಪರು ಇಳಿಯುತ್ತದೆ. ಮಕ್ಕಳಿಗೂ ಇದು ಒಗ್ಗುತ್ತದೆ. ಒಂದೇ ತೊಡಕೆಂದರೆ ಮೂಗಿನಿಂದ ಉಸಿರಾಡಲೇಬೇಕು. ಮಲೆನಾಡಿನ ಮಳೆಗಾಲದ ನೆಗಡಿಯಲ್ಲಿ ಮೂಗು ಕಟ್ಟಿದ್ದರೆ ಉಪಯೋಗವಾಗದು. ಬಸುರಿಯ ಮೊದಲ ತಿಂಗಳುಗಳಲ್ಲಿಯೂ ಇದನ್ನು ಕೊಡುವುದಿಲ್ಲ.

ಇಲ್ಲೊಂದು ಮಾತನ್ನು ವಾಚಕರು ಮರೆಯಬಾರದು. ಮಂಪರಿನ ಮದ್ದು ಭಯವನ್ನು ಇಳಿಸುತ್ತದೆಯೇ ಹೊರತು ಹಲ್ಲನ್ನು ಜೋಮು ಹಿಡಿಸುವುದಿಲ್ಲ. ಅದಕ್ಕೆ ಒಸಡಿನ ಚುಚ್ಚುಮದ್ದು ಬೇಕೇ ಬೇಕು. ಸ್ವೀಡನ್ ದೇಶದ ಲೋಫ್‌ಗ್ರೆನ್ 1943ರಲ್ಲಿ ಸಿದ್ಧಪಡಿಸಿದ ಲಿಗ್ನೋಕೇನ್ ಈ ಕೆಲಸಕ್ಕೆ ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. ಸೂಜಿಗೇ ಅಂಜುವವರ ಒಸಡಿಗೆ ಮೊದಲು ಜೋಮಿನ ಮುಲಾಮು ಸವರಿ, ಮದ್ದನ್ನು ನಿಧಾನವಾಗಿ ಬಿಟ್ಟರೆ ಅನೇಕರಿಗೆ ಅಷ್ಟೇ ಸಾಕಾಗುತ್ತದೆ.

ಸಾಲದವರಿಗೆ ಗುಳಿಗೆಯುಂಟು. 1963ರಲ್ಲಿ ಬಳಕೆಗೆ ಬಂದ ಡಯಾಜೆಪಾಮ್, ಅನಂತರದ ಮಿಡಜೋಲಾಮ್ ಇವುಗಳಲ್ಲಿ ಮುಖ್ಯವಾದವು. ಗುಳಿಗೆಯ ಕೊರತೆಯೆಂದರೆ ನುಂಗಿದ ಮೇಲೆ ಹೆಚ್ಚು ಕಡಿಮೆ ಮಾಡಲಾಗದು. ಮಿಡಜೋಲಾಮನ್ನು ರಕ್ತನಾಳದ ಮೂಲಕ ಕೊಟ್ಟರೆ ಬೇಕಾದಷ್ಟೇ ಏರಿಸುತ್ತ ಹೋಗಬಹುದು. ಕುರ್ಚಿಯಲ್ಲಿ ನಡೆದುದು ರೋಗಿಗೆ ಬಹುಪಾಲು ನೆನಪಿನಲ್ಲಿಯೂ ಉಳಿಯುವುದಿಲ್ಲ. ಮದ್ದು ಹೆಚ್ಚಾದರೆ ಇಳಿಸಲು ಫ್ಲೂಮಜೆನಿಲ್ ಎಂಬ ಮರುಮದ್ದೂ ಇದೆ. ಆದರೆ ಇದು ಉಸಿರನ್ನು ತಗ್ಗಿಸಬಲ್ಲ ಔಷಧ. ತರಬೇತಾದ ಕೈ, ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಮಾಪಕ, ತುರ್ತಿನ ಸಲಕರಣೆ ಇಲ್ಲದೆಡೆ ಕೊಡತಕ್ಕದ್ದಲ್ಲ. ತೀರ ಚಿಕ್ಕ ಮಗುವಿನ ಬಾಯಿ ತುಂಬ ಹುಳುಕಿದ್ದರೆ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರ ಮುಂದೆ ಪೂರ್ಣ ನಿದ್ದೆ ಬರಿಸಿ, ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸುವುದೂ ಉಂಟು.

ಧೈರ್ಯಕ್ಕೆಂದು ಒಂದು ಪೆಗ್ ಏರಿಸಿಕೊಂಡು, ಮನೆಯಲ್ಲಿದ್ದ ನಿದ್ದೆಯ ಗುಳಿಗೆಯನ್ನೂ ನುಂಗಿ ಹೊರಡುವವರಿದ್ದಾರೆ. ಇದಕ್ಕಿಂತ ಅಪಾಯದ ಸಾಹಸ ಇನ್ನಿಲ್ಲ. ಮದ್ಯವೂ ಗುಳಿಗೆಯೂ ಕೂಡಿದರೆ ಉಸಿರು ನಿಂತೀತು. ಗೊರಕೆಯ ಕಾಯಿಲೆ, ಉಬ್ಬಸ, ಈಗಾಗಲೇ ಸೇವಿಸುತ್ತಿರುವ ಔಷಧಗಳು, ಕುಡಿತದ ಅಭ್ಯಾಸ, ಒಂದನ್ನೂ ವೈದ್ಯರಿಂದ ಮರೆಮಾಡಕೂಡದು. ಮಕ್ಕಳ ವಿಷಯದಲ್ಲಂತೂ ತಾಯಂದಿರ ತಪ್ಪೂ ಸ್ವಲ್ಪವಿದೆ. ಅನ್ನ ಉಣ್ಣದಿದ್ದರೆ ಡಾಕ್ಟರ ಹತ್ತಿರ ಸೂಜಿ ಹಾಕಿಸುತ್ತೇನೆಂದು ದಿನವೂ ಹೆದರಿಸಿದ ಮೇಲೆ, ಆ ಮಗು ಡಾಕ್ಟರನ್ನು ಕಂಡು ನಗುವುದು ಹೇಗೆ?

ಗುಳಿಗೆ ಅಥವಾ ರಕ್ತನಾಳದ ಮದ್ದು ಪಡೆಯುವವರು ಜೊತೆಗೆ ಒಬ್ಬರನ್ನು ಕರೆದೊಯ್ಯಲೇಬೇಕು. ಅಂದು ಪೂರ್ತಿ ಜೀಪಿನ ಚಕ್ರ ಹಿಡಿಯಕೂಡದು. ಎಚ್ಚರವಾದಂತೆ ತೋರಿದರೂ ಬಿಸಿಲೆಯ, ಶಿರಾಡಿಯ ತಿರುವುಗಳಿಗೆ ಬೇಕಾದ ಚುರುಕು ಮರಳಿರುವುದಿಲ್ಲ. ಎಷ್ಟು ಹೊತ್ತು ಹೊಟ್ಟೆ ಬರಿದಾಗಿರಬೇಕೆಂದು ಮೊದಲೇ ಕೇಳಿಕೊಂಡು, ಬೆಳಗಿನ ಸಮಯವನ್ನೇ ಗೊತ್ತುಮಾಡಿಕೊಂಡರೆ ಉಪವಾಸವೂ ಹಗುರ. ಆನೆ ಹಾದಿಗಿಳಿಯುವ ಮುನ್ನ ತೋಟ ಸೇರಲೂಬಹುದು. ಎಲೆಯಡಿಕೆಯ ಚೀಲವನ್ನು ಮಾತ್ರ ಮನೆಯಲ್ಲಿಯೇ ಬಿಟ್ಟು ಬರುವುದು ಲೇಸು. ತುಟಿ ಕೆನ್ನೆಗಳ ಜೋಮು ಎರಡು ಮೂರು ಗಂಟೆ ಉಳಿಯುತ್ತದೆ. ಅಷ್ಟರಲ್ಲಿ ಅಡಿಕೆ ಜಗಿದವರು ತಮ್ಮ ಕೆನ್ನೆಯನ್ನೇ ಕಚ್ಚಿಕೊಂಡು ಮತ್ತೆ ಹಾಸನದ ಬಸ್ಸು ಹತ್ತಬೇಕಾದೀತು.