ಉಳಿಸಿದ ಯೂನಿಟ್ಟಿನ ಲಾಭ ಯಾರಿಗೆ?

ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಕರ್ನಾಟಕದಲ್ಲಿ ಬಳಕೆದಾರರೇ ಸದಸ್ಯರಾಗಿರುವ ಏಕೈಕ ವಿದ್ಯುತ್ ವಿತರಣಾ ಸಂಸ್ಥೆ. ಗ್ರಾಮೀಣ ವಿದ್ಯುದೀಕರಣ ನಿಗಮವು ಹುಟ್ಟಿದ 1969ರಲ್ಲೇ, ದೇಶದಲ್ಲಿ ಪ್ರಯೋಗಾರ್ಥವಾಗಿ ಕೈಗೊಂಡ ಐದು ಸಂಘಗಳಲ್ಲಿ ಅದೂ ಒಂದಾಗಿ ನೋಂದಣಿಗೊಂಡಿತು.

ಸಂಘವು ವಿದ್ಯುತ್ತನ್ನು ಸಗಟಿನಲ್ಲಿ ಕೊಂಡು ಚಿಲ್ಲರೆಯಾಗಿ ಹಂಚುತ್ತದೆ. ಈ ಲೆಕ್ಕ ವರ್ತಕರಿಗೆ ಹೊಸದೇನಲ್ಲ: ದಾರಿಯಲ್ಲಿ ಸೋರಿದ ಸರಕಿನ ಬೆಲೆಯನ್ನು ಅಂಗಡಿಯ ಮಾಲೀಕನೇ ತೆರಬೇಕು. ಇಲ್ಲಿ ಮಾಲೀಕರೂ ಗಿರಾಕಿಗಳೂ ಒಬ್ಬರೇ ಆದುದರಿಂದ ಮಿತವ್ಯಯದ ಫಲ ಊರಿನಲ್ಲೇ ಉಳಿಯಬಲ್ಲದು. ಅಮೆರಿಕದ ಅಯೋವಾ ರಾಜ್ಯದ ಓಸೇಜ್ ಎಂಬ ಪುಟ್ಟ ಪಟ್ಟಣದ ಪೌರ ವಿದ್ಯುತ್ ಸಂಸ್ಥೆ ಇದನ್ನು ಮಾಡಿ ತೋರಿಸಿತು. 1974ರಿಂದ ಅದು ಮನೆಗಳ ಶಾಖ ಸೋರಿಕೆಯನ್ನು ತಡೆಯಿಸಿ, ನೀರು ಕಾಯಿಸುವ ಹಂಡೆಗಳಿಗೆ ಹೊದಿಕೆ ಹಾಕಿಸಿತು. ಬೇಡಿಕೆ ಹತೋಟಿಗೆ ಬಂದ ಮೇಲೆ ಸಾಲ ತೀರಿಸಿ, ದರವನ್ನೂ ಹಲವು ಬಾರಿ ಇಳಿಸಿತು.

ಒಡೆತನವೊಂದೇ ಸಾಲದೆಂಬುದಕ್ಕೂ ನಿದರ್ಶನವುಂಟು. ಆ ಐದು ಸಂಘಗಳಲ್ಲಿ ಒಂದಾದ ಮಹಾರಾಷ್ಟ್ರದ ಮುಳಾ ಪ್ರವರಾ ಸಂಘವು ಬಾಕಿಯ ಹೊರೆಯಲ್ಲಿ ಸಿಲುಕಿ, 2011ರಲ್ಲಿ ವಿತರಣೆಯನ್ನೇ ಕಳೆದುಕೊಂಡಿತು.

ಭಂಕೂರ, ಶಹಾಬಾದ್ ಸುತ್ತಿನ ಫರಸಿ ಕಲ್ಲಿನ ಪಾಲಿಶ್ ಘಟಕಗಳಿಗೆ ವಿದ್ಯುತ್ ಪೂರೈಸುವುದು ಸರ್ಕಾರಿ ಸ್ವಾಮ್ಯದ ಜೆಸ್ಕಾಂ. ಅಲ್ಲಿ ಮಾರ್ಗನಷ್ಟವು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ನಿಗದಿಪಡಿಸುವ ದರದಲ್ಲಿ ಎಲ್ಲರ ಮೇಲೂ ಹಂಚಿಹೋಗುವುದರಿಂದ, ತನ್ನ ಪಾಲು ಎಷ್ಟೆಂದು ಯಾರಿಗೂ ಕಾಣುವುದಿಲ್ಲ. ಆದರೆ ಘಟಕದ ಗೋಡೆಯೊಳಗಿನ ನಷ್ಟ ಸಂಪೂರ್ಣವಾಗಿ ಉದ್ಯಮಿಯದೇ.

ಪವರ್ ಫ್ಯಾಕ್ಟರನ್ನೇ ನೋಡಬಹುದು. ಅದು 0.95 ಇರುವಲ್ಲಿ 0.70ಕ್ಕೆ ಇಳಿದರೆ, ಅದೇ ಕೆಲಸಕ್ಕೆ ತಂತಿಯಲ್ಲಿ ಸುಮಾರು ಶೇ. 36ರಷ್ಟು ಹೆಚ್ಚು ಕರೆಂಟ್ ಹರಿಯಬೇಕಾಗುತ್ತದೆ. ತಂತಿಯ ಬಿಸಿಯಾಗಿ ವ್ಯರ್ಥವಾಗುವ ಶಕ್ತಿಯು ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ನಷ್ಟ 1.8 ಪಟ್ಟಾಗುತ್ತದೆ. ಇದರ ಮೇಲೆ, ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ ಬಿಲ್ಲಿನಲ್ಲಿ ಹೆಚ್ಚುವರಿ ಶುಲ್ಕವೂ ಬೀಳುತ್ತದೆ. ಬೇಕಾದುದಕ್ಕಿಂತ ದೊಡ್ಡ ಮೋಟಾರನ್ನು ಅರೆಹೊರೆಯಲ್ಲಿ ಓಡಿಸುವುದು ಇದಕ್ಕೆ ಸಾಮಾನ್ಯ ಕಾರಣ. "ಮುಂದೆ ಬೇಕಾದೀತು" ಎಂದು ಕೊಂಡ ಹೆಚ್ಚಿನ ಅಶ್ವಶಕ್ತಿಗೆ ನಿಗದಿ ಶುಲ್ಕವನ್ನೂ ತಿಂಗಳು ತಿಂಗಳು ಕಟ್ಟಬೇಕಾಗಬಹುದು.

ಪರಿಹಾರವಾದ ಕೆಪಾಸಿಟರನ್ನು ಆಯಾ ಮೋಟಾರಿನ ಸ್ವಿಚ್ಚಿನೊಂದಿಗೇ ಚಾಲೂ ಆಗಿ ಬಂದ್ ಆಗುವಂತೆ ಜೋಡಿಸುವುದು ಲೇಸು. ಇದರಿಂದ ಘಟಕದೊಳಗಿನ ತಂತಿಯ ಹೊರೆಯೂ ತಗ್ಗುತ್ತದೆ. ಕೆಪಾಸಿಟರಿನ ಬಲ ಕಾಲಕ್ರಮದಲ್ಲಿ ಕುಂದುತ್ತದೆ. ಮೋಟಾರು ಮಾತ್ರ ಎಂದಿನಂತೆಯೇ ತಿರುಗುತ್ತಿರುತ್ತದೆ. ಆದಕಾರಣ ಪ್ರತಿ ತಿಂಗಳೂ ಬಿಲ್ಲಿನ ಪವರ್ ಫ್ಯಾಕ್ಟರ್ ಅಂಕಿಯನ್ನು ಹಿಂದಿನ ಬಿಲ್ಲಿನೊಡನೆ ಹೋಲಿಸುವುದು ಅವಶ್ಯಕ.